ಹೆಸರಿನ ಮುಂದೊಂದು ಚುಕ್ಕಿ

ಗಡಿಬಿಡಿರಾಯರು ನಿಂತ ಸಾಲು ಮುಂದಕ್ಕೆ ಸರಿದದ್ದನ್ನು ಕಂಡವರಿಲ್ಲ. ಬ್ಯಾಂಕಿನಲ್ಲಿ ಅವರು ಕಿಟಕಿಯ ಹತ್ತಿರ ಬರುವುದಕ್ಕೂ ಗುಮಾಸ್ತ ಊಟಕ್ಕೆ ಏಳುವುದಕ್ಕೂ ಸರಿಹೋಗುತ್ತಿತ್ತು. ಕ್ಷೌರದಂಗಡಿಯಲ್ಲಿ ಅವರು ಕುರ್ಚಿ ಏರಿದ ತಕ್ಷಣ ಕರೆಂಟು ಹೋಗುತ್ತಿತ್ತು. ಇಂಥವರಿಗೆ ವಿಧಿ ಕೊಟ್ಟ ಉದ್ಯೋಗವನ್ನು ನೋಡಿ: ಆಸ್ಪತ್ರೆಗೆ ಬಂದವರನ್ನು ಟೋಕನ್ ಪ್ರಕಾರ ಒಬ್ಬೊಬ್ಬರಾಗಿ ಡಾಕ್ಟರ ಕೋಣೆಗೆ ಕರೆಯುವ ಪ್ರೋಗ್ರಾಮು ಬರೆಯುವುದು. ಅದಕ್ಕೆ ಅವರೇ ಪ್ರೀತಿಯಿಂದ ‘ಸರದಿ’ ಎಂದು ಹೆಸರಿಟ್ಟಿದ್ದರು. ಅವರ ಸ್ವಂತ ಹೆಸರು ಬೇರೆ ಏನೋ ಇತ್ತು. ಆದರೆ ಆಫೀಸಿನಲ್ಲೂ ಬೀದಿಯಲ್ಲೂ ಗಡಿಬಿಡಿರಾಯರು ಎಂದರೇ ಗುರುತು ಹತ್ತುತ್ತಿದ್ದದ್ದು. ಆದ್ದರಿಂದ ನಾವೂ ಹಾಗೇ ಕರೆಯೋಣ, ಅವರೇನೂ ಬೇಸರ ಮಾಡಿಕೊಳ್ಳುವವರಲ್ಲ.

ಅವರ ಕಂಪನಿ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಅಲ್ಲಿ ಒಬ್ಬೊಬ್ಬರು ಒಂದೊಂದು ಪ್ರೋಗ್ರಾಮು ಬರೆಯುತ್ತಿದ್ದರು, ಒಬ್ಬೊಬ್ಬರಿಗೂ ಒಂದೊಂದು ರೆಪೊ ಇತ್ತು. ರೆಪೊ ಎಂದರೆ ಬರೆದ ಕೋಡನ್ನೆಲ್ಲ ಕೂಡಿಡುವ ಉಗ್ರಾಣ. ಇವತ್ತು ಏನು ತಿದ್ದಿದಿರಿ, ಹೋದ ವಾರ ಏನು ಕೆಡಿಸಿದಿರಿ, ಎಲ್ಲವೂ ಅದರಲ್ಲಿ ಒಂದರ ಮೇಲೊಂದು ಕೂತಿರುತ್ತದೆ. ಬೇಕೆಂದಾಗ ಹಳೆಯದನ್ನು ಎಳೆದು ತೆಗೆಯಬಹುದು. ಈ ಉಗ್ರಾಣಗಳೆಲ್ಲ ಇದ್ದದ್ದು ಮೂಲೆಯಲ್ಲಿದ್ದ ಹಳೆಯ ಸರ್ವರ್ ಮಷೀನಿನೊಳಗೆ. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಎಲ್ಲರೂ ಸರ್ವರ್ ಯಜಮಾನರು ಎನ್ನುತ್ತಿದ್ದರು. ಅವರು ಆ ಮಷೀನಿನ ಹತ್ತಿರ ಯಾರನ್ನೂ ಜೋರಾಗಿ ಸೀನಲೂ ಬಿಡುತ್ತಿರಲಿಲ್ಲ.

ಪ್ರತಿ ಸೋಮವಾರ ಮ್ಯಾನೇಜರು ಗೋಡೆಯ ಪರದೆಯ ಮೇಲೆ ರೆಪೊಗಳ ಪಟ್ಟಿ ತೆರೆದು ಮೇಲಿನಿಂದ ವಿಚಾರಿಸುತ್ತಾ ಬರುತ್ತಿದ್ದರು. ಪಟ್ಟಿ ಇದ್ದದ್ದು ಅಕ್ಷರಮಾಲೆಯ ಕ್ರಮದಲ್ಲಿ. ಎಲ್ಲಕ್ಕಿಂತ ಮೇಲೆ ‘ಆಂಬುಲೆನ್ಸ್’. ಅದನ್ನು ಬರೆಯುತ್ತಿದ್ದ ಹೆಂಗಸಿಗೆ ಆಂಬುಲೆನ್ಸ್ ಮೇಡಂ ಎಂದೇ ಹೆಸರು ನಿಂತುಬಿಟ್ಟಿತ್ತು. ಮ್ಯಾನೇಜರಿಗೆ ಮಾತೆಂದರೆ ಪ್ರಾಣ. ಅವರು ಆಂಬುಲೆನ್ಸಿನಿಂದ ಹೊರಟು ತಮ್ಮ ಸೊಂಟನೋವಿಗೆ ಹೋಗಿ, ಅಲ್ಲಿಂದ ತಮ್ಮ ಷಡ್ಡಕನ ದುರಹಂಕಾರಕ್ಕೆ ಬಂದು, ‘ಔಷಧಿ’ಯನ್ನು ತಲುಪುವಷ್ಟರಲ್ಲಿ ಮೀಟಿಂಗಿನ ಹೊತ್ತು ಮುಗಿದಿರುತ್ತಿತ್ತು. ‘ಸರದಿ’ ಪಟ್ಟಿಯ ಬಾಲದಲ್ಲಿ ನೇತಾಡುತ್ತಿತ್ತು. ರಾಯರು ಆ ಕಂಪನಿ ಸೇರಿದಂದಿನಿಂದ ಮೀಟಿಂಗಿನಲ್ಲಿ ಬಾಯಿ ತೆರೆದದ್ದು ಆಕಳಿಸುವುದಕ್ಕೆ ಮಾತ್ರ.

ಇಷ್ಟು ದಿನ ಇದರಿಂದ ನಷ್ಟವೇನೂ ಇರಲಿಲ್ಲ. ಆದರೆ ರಾಯರದು ತಾತ್ಕಾಲಿಕ ಕೆಲಸ. ಮನೆಯಲ್ಲಿ ಹೆಂಡತಿ ತುಂಬು ಬಸುರಿ, ಅವಳನ್ನು ನೋಡಿಕೊಳ್ಳಲು ಅತ್ತೆಯವರು ಬಂದು ಕೂತಿದ್ದರು. ಅಂಥ ಹೊತ್ತಿನಲ್ಲಿ ಮ್ಯಾನೇಜರು ಹೇಳಿದರು: “ಬರೋ ಸೋಮವಾರ ಯಾರನ್ನ ಖಾಯಂ ಮಾಡೋದು, ಯಾರನ್ನ ಕಳಿಸೋದು ಅಂತ ತೀರ್ಮಾನ ಮಾಡ್ತೀನಿ. ನಾನು ಕಣ್ಣಾರೆ ಕಂಡ ಕೆಲಸಕ್ಕೆ ಬೆಲೆ. ಕಾಣದೇ ಇರೋರು ಬೇರೆ ದಾರಿ ನೋಡ್ಕೊಳ್ಳಿ.”

ರಾಯರಿಗೆ ಅನ್ನ ಇಳಿಯದಾಯಿತು. ಗುರುವಾರ ಬೆಳಿಗ್ಗೆ ಅತ್ತೆಯವರು ಫೋನಿನಲ್ಲಿ ಏನೋ ಹುಡುಕುತ್ತಿದ್ದರು. ಫೋನಿನ ಹೆಸರುಗಳಲ್ಲಿ ಎಲ್ಲರಿಗಿಂತ ಮೇಲೆ ಅವರ ಮಗಳ ಹೆಸರು, ಅದರ ಮುಂದೆ ಒಂದು ಚುಕ್ಕಿ.

“ಇದೇನತ್ತೆ, ಚುಕ್ಕಿ?”

“ಅದಿಟ್ರೆ ಹೆಸರು ಎಲ್ಲಕ್ಕಿಂತ ಮೇಲೆ ಬರುತ್ತೆ ಅಳಿಯಂದಿರೇ. ಹುಡುಕೋ ತಾಪತ್ರಯ ಇಲ್ಲ. ಪಕ್ಕದ ಮನೆಯವರು ಹೇಳ್ಕೊಟ್ಟಿದ್ದು.”

“ನನ್ನ ಹೆಸರು ಎಲ್ಲಿದೆ?”

“ಇರಬೇಕು, ಕೆಳಗೆಲ್ಲೋ,” ಎಂದರು ಅತ್ತೆಯವರು.

ರಾಯರ ತಲೆಯಲ್ಲಿ ಬೆಳಕು ಹೊತ್ತಿಕೊಂಡಿತು. ಅವರ ತಲೆಯಲ್ಲಿ ಬೆಳಕು ಹೊತ್ತಿಕೊಂಡಾಗಲೆಲ್ಲ ಮನೆಯವರು ನೀರು ಹಿಡಿದು ನಿಲ್ಲಬೇಕಿತ್ತು. ಆದರೆ ಯಾರಿಗೂ ಗೊತ್ತಾಗಲಿಲ್ಲ. ಶುಕ್ರವಾರ ಎಲ್ಲರೂ ಮನೆಗೆ ಹೊರಟ ಮೇಲೆ ರಾಯರು ಸರ್ವರಿನಲ್ಲಿದ್ದ ತಮ್ಮ ರೆಪೊದ ಹೆಸರಿನ ಮುಂದೆ ಒಂದು ಚುಕ್ಕಿ ಇಟ್ಟರು. ಹಳೆಯ ಹೆಸರಿನ ಜೊತೆ ಗೊಂದಲವಾಗಬಾರದು, ಹೊಸ ಹೆಸರಿನಲ್ಲಿ ಹೊಸದಾಗಿ ಇಳಿಸಿಕೊಳ್ಳೋಣ ಎಂದು ತಮ್ಮ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಅಳಿಸಿಯೂ ಹಾಕಿದರು. ವರ್ಷಕ್ಕೊಮ್ಮೆ ಬರುವ ಶಿಸ್ತು ಅವರಿಗೆ ಸರಿಯಾಗಿ ಆ ದಿನವೇ ಬಂದಿತ್ತು. ಆಮೇಲೆ ಕೈ ಉಜ್ಜಿಕೊಂಡು ಪಟ್ಟಿಯ ಪುಟ ತೆರೆದರು.

ಮೇಲೆ ಆಂಬುಲೆನ್ಸ್. ಅದರ ಮೇಲೆ ಏನೂ ಇಲ್ಲ. ರಾಯರು ಕೆಳಗಿಳಿದು ಬಾಲ ನೋಡಿದರು. ಅಲ್ಲೂ ಇಲ್ಲ. ಪುಟ ಮುಚ್ಚಿ ತೆರೆದರು, ಕನ್ನಡಕ ಒರೆಸಿಕೊಂಡರು, ಮೇಜಿನ ಕೆಳಗೂ ಒಂದು ಸಲ ನೋಡಿದರು. ಇದ್ದ ಬಾಲವೂ ಹೋಗಿತ್ತು.

ಮನೆಗೆ ಬಂದ ರಾಯರ ಮುಖ ನೋಡಿ ಹೆಂಡತಿ ಗಾಬರಿಯಾದಳು. “ಏನಾಯ್ತು ರೀ?”

“ಹೋಯ್ತು ಕಣೇ. ಇಷ್ಟು ದಿನ ಮಾಡಿದ್ದೆಲ್ಲ ಕಾಣೆಯಾಗಿದೆ.”

ಕಾಣೆ ಎಂಬ ಮಾತು ಗೋಡೆ ದಾಟಿತು. ಪಕ್ಕದ ಮನೆಯಲ್ಲಿದ್ದವರು ನಿವೃತ್ತ ದಫೇದಾರರು. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಕೈಗೆ ಸಿಕ್ಕ ಕೇಸೆಂದರೆ ಯಾರ ನಾಯಿ ಯಾರ ಗೇಟಿನ ಮುಂದೆ ಗಲೀಜು ಮಾಡಿತು ಎಂಬುದೊಂದೇ. ಶನಿವಾರ ಬೆಳಕು ಹರಿಯುವಷ್ಟರಲ್ಲಿ ಅವರು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ರಾಯರ ಮನೆಯ ಕುರ್ಚಿಯಲ್ಲಿ ಕೂತಿದ್ದರು.

“ಕೊನೇ ಸಲ ನೋಡಿದಾಗ ಹೇಗಿತ್ತು?”

“ಚೆನ್ನಾಗೇ ಇತ್ತು.”

“ಇತ್ತೀಚೆಗೆ ಏನಾದ್ರೂ ಮನಸ್ತಾಪ, ಮಾತಿಗೆ ಮಾತು?”

“ಅದು ಕೋಡು, ದಫೇದಾರರೇ. ಮಾತಾಡಲ್ಲ.”

“ಮಾತಾಡದೇ ಇರೋರೇ ಮೊದಲು ಮನೆ ಬಿಡೋದು ರಾಯರೇ, ನನ್ನ ಅನುಭವ. ಇರಲಿ. ಗುರುತು? ಮಚ್ಚೆ ಗಿಚ್ಚೆ ಏನಾದ್ರೂ?”

ಮಚ್ಚೆ ಎಂದ ಕೂಡಲೇ ರಾಯರಿಗೆ ತಾವಿಟ್ಟ ಚುಕ್ಕಿ ನೆನಪಾಯಿತು. ಆದರೆ ಮೀಟಿಂಗಿನಲ್ಲಿ ಮೇಲೆ ಬರುವುದಕ್ಕಾಗಿ ಹೆಸರಿಗೆ ಚುಕ್ಕಿ ಇಟ್ಟೆ ಎಂದು ಹೆಂಡತಿ, ಅತ್ತೆಯವರ ಮುಂದೆ ಹೇಳುವುದು ಹೇಗೆ? “ಹಾಗೇನೂ ಇಲ್ಲ,” ಎಂದುಬಿಟ್ಟರು. ಆಗಲೇ ಬಾಯಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನಿಮ್ಮ ಹೊತ್ತೂ ಉಳಿಯುತ್ತಿತ್ತು.

ದಫೇದಾರರು ಮೀಸೆಯ ಮೇಲೆ ಬೆರಳಾಡಿಸಿದರು. “ಇದು ಕಾಣೆಯಾದ್ರೆ ಲಾಭ ಯಾರಿಗೆ?”

ರಾಯರು ಬೇಡ ಬೇಡವೆನ್ನುತ್ತಲೇ ಪಟ್ಟಿಯ ಮೇಲ್ತುದಿಯಲ್ಲಿ ಕೂತವರ ಹೆಸರು ಹೇಳಿದರು. ಅಷ್ಟು ಸಾಕಾಯಿತು. ದಫೇದಾರರು ಮುಂದೆ, ರಾಯರು ಮಧ್ಯೆ, ‘ಹೆಂಗಸಿನ ವಿಚಾರಣೆಗೆ ಜೊತೆಗೊಬ್ಬ ಹೆಂಗಸಿರಬೇಕು’ ಎಂಬ ಕಾನೂನಿನ ಪ್ರಕಾರ ಅತ್ತೆಯವರು ಹಿಂದೆ, ಹೀಗೆ ಮೆರವಣಿಗೆ ಆಂಬುಲೆನ್ಸ್ ಮೇಡಂ ಮನೆಗೆ ಹೊರಟಿತು.

ಮೇಡಂ ಕಿಟಕಿಯ ಸರಳುಗಳಿಗೆ ಬಣ್ಣ ಬಳಿಯುತ್ತಿದ್ದರು. ದಫೇದಾರರು ಗೇಟು ತೆರೆದು ಗಂಟಲು ಸರಿಮಾಡಿಕೊಂಡು, “ಶುಕ್ರವಾರ ಸಂಜೆ ನೀವು ಎಲ್ಲಿದ್ರಿ?” ಎಂದರು.

“ಹಲ್ಲಿನ ಡಾಕ್ಟರ ಹತ್ರ. ಯಾಕೆ, ಡಾಕ್ಟರು ಏನಾದ್ರೂ ಮಾಡ್ಕೊಂಡ್ರಾ?” ಎಂದು ಮೇಡಂ ಕುಂಚ ಹಿಡಿದೇ ಕೇಳಿದರು. ಅಷ್ಟರಲ್ಲಿ ದಫೇದಾರರ ಬೆನ್ನ ಹಿಂದೆ ಅಡಗಿದ್ದ ರಾಯರು ಕಂಡರು. ರಾಯರು ತಲೆ ತಗ್ಗಿಸಿಕೊಂಡು ನಡೆದದ್ದನ್ನು ಹೇಳಿದರು; ಚುಕ್ಕಿಯನ್ನು ಮಾತ್ರ ಬಿಟ್ಟರು.

ಮೇಡಂ ಸಿಟ್ಟಾಗಲಿಲ್ಲ. ಕುಂಚವನ್ನು ಡಬ್ಬಿಯ ಮೇಲಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತರು. “ಪೂರ್ತಿ ಹೋಯ್ತಾ? ನಿಮ್ಮ ಕಂಪ್ಯೂಟರಲ್ಲಿ ಪ್ರತಿ ಇರುತ್ತಲ್ಲ.”

“ಅಳಿಸಿಬಿಟ್ಟೆ.”

“ಬೇರೆಯವರು ಯಾರಾದ್ರೂ ಇಳಿಸ್ಕೊಂಡಿದ್ರೆ ಅವರ ಹತ್ರ ಇರುತ್ತೆ.”

“ಯಾರೂ ಇಳಿಸ್ಕೊಂಡಿಲ್ಲ ಮೇಡಂ. ಯಾರೂ ಒಂದು ಸಲವೂ ನೋಡಿಲ್ಲ.”

ಮೇಡಂ ಕೈಗಂಟಿದ ಬಣ್ಣ ಒರೆಸಿಕೊಂಡರು. ಆಮೇಲೆ, “ನಾನು ನೋಡಬೇಕಿತ್ತು. ಪಕ್ಕದ ಮೇಜಲ್ಲೇ ಇದೀನಿ,” ಎಂದರು. ತನಿಖೆಗೆ ಬಂದ ಅತ್ತೆಯವರು ಆ ಮಾತಿಗೆ ಕರಗಿಹೋಗಿ ಮೇಡಂ ಪಕ್ಕದಲ್ಲೇ ಕೂತು ಅವರ ಹಲ್ಲುನೋವು ವಿಚಾರಿಸಿದರು. ದಫೇದಾರರಿಗೆ ಕೇಸು ಕೈಜಾರಿದ್ದು ಅರ್ಥವಾಯಿತು.

ಮೇಡಂ ಸರ್ವರ್ ಯಜಮಾನರಿಗೆ ಫೋನ್ ಮಾಡಿದರು. ರೆಪೊ ತಾನಾಗಿ ಮಾಯವಾಯಿತು ಎಂದು ಕೇಳಿದ ಯಜಮಾನರಿಗೆ ದುಃಖಕ್ಕಿಂತ ಸಂತೋಷವೇ ಹೆಚ್ಚಾಯಿತೆಂದು ಹೇಳಬೇಕು. ಏಕೆಂದರೆ ಹೊಸ ಮಷೀನೊಂದು ಡಬ್ಬ ಕೂಡ ಒಡೆಯದೆ ಅವರ ಮೇಜಿನ ಕೆಳಗೆ ಬಹಳ ದಿನದಿಂದ ನೆಪಕ್ಕಾಗಿ ಕಾಯುತ್ತಿತ್ತು. “ಡಿಸ್ಕ್ ಹೋಗಿದೆ. ನಾನು ಎಷ್ಟು ದಿನದಿಂದ ಬಡ್ಕೋತಿದೀನಿ, ಯಾರು ಕೇಳಿದ್ರು? ಇವತ್ತು ಒಂದು ತಿಂದಿದೆ, ನಾಳೆ ಎಲ್ಲಾನೂ ತಿನ್ನುತ್ತೆ. ಈಗಲೇ ಹೋಗ್ತೀನಿ,” ಎಂದು ಫೋನ್ ಇಟ್ಟರು.

ಹೋದವರು ಉಳಿದ ರೆಪೊಗಳನ್ನೆಲ್ಲ ಹೊಸ ಮಷೀನಿಗೆ ಸಾಗಿಸಿಬಿಟ್ಟರು. ಇವರೆಲ್ಲ ಮಧ್ಯಾಹ್ನ ಆಫೀಸು ತಲುಪಿದಾಗ ಮೂಲೆಯಲ್ಲಿ ಹಳೆಯದರ ಜಾಗದಲ್ಲಿ ಹೊಸದು ಮಿನುಗುತ್ತಿತ್ತು, ಯಜಮಾನರು ಅದರ ಪಕ್ಕದಲ್ಲಿ ಮದುಮಗನ ತಂದೆಯ ಹಾಗೆ ನಿಂತಿದ್ದರು. “ನೋಡಿ, ಎಲ್ಲ ಕ್ಷೇಮ. ನಿಮ್ಮದೊಂದು ಬಿಟ್ಟು.”

ರಾಯರು ಪಟ್ಟಿಯ ಮೇಲೆ ಕಣ್ಣಾಡಿಸಿ, ತಮಗೆ ತಾವೇ ಹೇಳಿಕೊಳ್ಳುವವರಂತೆ, “ಚುಕ್ಕಿ ಇಟ್ಟಿದ್ದು ಇಲ್ಲೂ ಬಂದಿಲ್ಲ,” ಎಂದುಬಿಟ್ಟರು.

“ಯಾವ ಚುಕ್ಕಿ?” ಎಂದರು ಯಜಮಾನರು.

ಇನ್ನು ಮುಚ್ಚಿಡುವಂತಿರಲಿಲ್ಲ. ರಾಯರು ಅತ್ತೆಯವರ ಫೋನಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದರು. ಯಜಮಾನರು ಕುರ್ಚಿಗೆ ತಡಕಾಡಿ ಕೂತರು. “ರಾಯರೇ, ಚುಕ್ಕಿಯಿಂದ ಶುರುವಾಗೋ ಹೆಸರನ್ನ ಈ ಮಷೀನು ತೋರಿಸಲ್ಲ. ಅದು ತನ್ನ ಒಳಮನೆ ಸಾಮಾನು ಅಂದ್ಕೊಂಡು ಬಚ್ಚಿಡುತ್ತೆ. ನಿಮ್ಮ ರೆಪೊ ಎಲ್ಲೂ ಹೋಗಿರಲಿಲ್ಲ. ಅಲ್ಲೇ ಇತ್ತು, ಕಣ್ಣಿಗೆ ಕಾಣ್ತಿರಲಿಲ್ಲ ಅಷ್ಟೇ. ನಾನು ಎಲ್ಲಾನೂ ಸಾಗಿಸು ಅಂದಾಗಲೂ ಅದು ಬಚ್ಚಿಟ್ಟಿದ್ದನ್ನ ಬಿಟ್ಟು ಮಿಕ್ಕಿದ್ದನ್ನ ಸಾಗಿಸಿದೆ.”

“ಅಂದ್ರೆ ಹಳೇ ಮಷೀನಲ್ಲೇ ಇದೆ,” ಎಂದರು ರಾಯರು. ಹೋದ ಜೀವ ಬಂದಂತಾಯಿತು.

“ಇದೆ.”

“ಹಳೇ ಮಷೀನು ಎಲ್ಲಿದೆ?”

ಯಜಮಾನರು ಕಿಟಕಿಯ ಕಡೆ ನೋಡಿದರು. “ಕೆಳಗೆ ಗುಜರಿಯವನು ಗಾಡಿ ತಂದಿದ್ದ. ಕೊಟ್ಟುಬಿಟ್ಟೆ.”

“ಬ್ಯಾಕಪ್?” ಎಂದರು ಮೇಡಂ.

“ಇತ್ತಮ್ಮ. ಪ್ರತಿದಿನ ತಪ್ಪದೆ ತೆಗೀತಿದ್ದೆ. ಅದೇ ಮಷೀನಲ್ಲಿ ಇಡ್ತಿದ್ದೆ.”

ಹೀಗೆ, ಹೋಗದೇ ಇದ್ದದ್ದು ಹೋಯಿತೆಂದು ಹುಡುಕಲು ಹೊರಟವರೆಲ್ಲ ಸೇರಿ ಅದನ್ನು ನಿಜವಾಗಿಯೂ ಕಳೆದಿದ್ದರು.

ಗುಜರಿ ಅಂಗಡಿ ದೊಡ್ಡ ರಸ್ತೆಯಾಚೆ, ಮುರಿದ ಸೈಕಲ್ಲುಗಳ ಬೇಲಿಯ ಹಿಂದೆ ಇತ್ತು. ಎಲ್ಲರೂ ಓಡಿದರು. ಯಜಮಾನರು ಯೌವನದಲ್ಲೂ ಹಾಗೆ ಓಡಿರಲಾರರು. ಒಳಗೆ ನುಗ್ಗಿ ನೋಡಿದರೆ ಗುಜರಿಯವನು ಹಳೆಯ ಮಷೀನನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ್ದ. ದಫೇದಾರರ ಜೇಬಿನಲ್ಲಿ ಹಳೆಯ ಸೀಟಿ ಇತ್ತು. ಅದನ್ನು ಎಷ್ಟು ಜೋರಾಗಿ ಊದಿದರೆಂದರೆ ಸುತ್ತಿಗೆ ಗಾಳಿಯಲ್ಲೇ ನಿಂತಿತು, ತಕ್ಕಡಿಯ ಮುಂದಿದ್ದ ಗಿರಾಕಿಗಳಲ್ಲಿ ಇಬ್ಬರು ತಮ್ಮ ಚೀಲ ಬಿಟ್ಟು ಓಡಿಹೋದರು. ಆ ಚೀಲಗಳಲ್ಲಿ ಏನಿತ್ತೋ, ಅದು ಈ ಕಥೆಗೆ ಸೇರಿದ್ದಲ್ಲ.

“ಕೊಂಡ ಮಾಲು ವಾಪಸ್ ಕೊಡೋ ರೂಢಿ ಇಲ್ಲ,” ಎಂದ ಗುಜರಿಯವನು.

ದಫೇದಾರರು ಕಾನೂನು ಹೇಳಿದರು. ಯಜಮಾನರು ತಾಂತ್ರಿಕ ವಿವರ ಹೇಳಿದರು. ಅವನು ಸುತ್ತಿಗೆ ಇಳಿಸಲಿಲ್ಲ. ಕೊನೆಗೆ ಅತ್ತೆಯವರು ಮುಂದೆ ಬಂದರು. “ನಮ್ಮ ಅಳಿಯಂದಿರು ದಡ್ಡರಪ್ಪ. ಆದ್ರೆ ದುಡಿಯೋ ಮನುಷ್ಯ. ಅವರು ಇಷ್ಟು ದಿನ ದುಡಿದಿದ್ದೆಲ್ಲ ಅದರೊಳಗಿದೆ. ಅದು ಸಿಗದಿದ್ರೆ ಸೋಮವಾರ ಕೆಲಸ ಹೋಗುತ್ತೆ, ಮನೇಲಿ ಮಗಳು ತುಂಬು ಬಸುರಿ.”

ತಮ್ಮನ್ನು ದಡ್ಡರೆಂದದ್ದಕ್ಕೆ ರಾಯರಿಗೆ ಜೀವನದಲ್ಲಿ ಮೊದಲ ಬಾರಿ ಸಂತೋಷವಾಯಿತು.

ಗುಜರಿಯವನು ಸುತ್ತಿಗೆ ಕೆಳಗಿಟ್ಟ. “ನಾನು ಕೊಂಡಿದ್ದು ತಗಡು, ತಂತಿ. ಒಳಗೆ ಇನ್ನೇನೋ ಇದೆ ಅಂದ್ರೆ ಅದನ್ನ ನಾನು ಕೊಂಡಿಲ್ಲವ್ವ. ನಿಮ್ಮದು ನೀವು ತಗೊಂಡು ಹೋಗಿ,” ಎಂದು ತಾನೇ ಬಲ್ಬಿನ ಪ್ಲಗ್ಗು ಕಿತ್ತು ಮಷೀನಿನ ಪ್ಲಗ್ಗಿಗೆ ಜಾಗ ಮಾಡಿಕೊಟ್ಟ. ರಾಶಿಯಿಂದ ಕೀಬೋರ್ಡೂ ಒಂದು ಬಿರುಕುಬಿಟ್ಟ ಟಿ.ವಿ.ಯೂ ಬಂದವು. ಯಜಮಾನರು ಮೊಣಕಾಲೂರಿ ಕೂತು, ಬಚ್ಚಿಟ್ಟದ್ದನ್ನೂ ತೋರಿಸು ಎಂದು ಮಷೀನಿಗೆ ಅಪ್ಪಣೆ ಕೊಟ್ಟರು. ಬಿರುಕಿನ ಪಕ್ಕದಲ್ಲಿ, ಆಂಬುಲೆನ್ಸಿಗಿಂತಲೂ ಮೇಲೆ, ಚುಕ್ಕಿ ಇಟ್ಟ ‘ಸರದಿ’ ಮೂಡಿತು. ರಾಯರು ಟಿ.ವಿ.ಯನ್ನು ತಬ್ಬಿಕೊಂಡು ಅತ್ತರು.

“ಅಳೋದು ಆಮೇಲೆ. ಪೂರ್ತಿ ಸರಿಯಿದೆಯಾ, ಓಡಿಸಿ ನೋಡೋಣ,” ಎಂದರು ಮೇಡಂ.

ಓಡಿಸುವುದಕ್ಕೆ ಸಾಲು ಬೇಕಲ್ಲ? ತಕ್ಕಡಿಯ ಮುಂದೆ ಉಳಿದ ಗಿರಾಕಿಗಳು ನಾನು ಮೊದಲು ತಾನು ಮೊದಲು ಎಂದು ಆಗಲೇ ಕಾಲರ್ ಹಿಡಿದುಕೊಂಡಿದ್ದರು. ಮೇಡಂ ಸೀಮೆಸುಣ್ಣದಿಂದ ಅವರವರ ಚೀಲದ ಮೇಲೆ ನಂಬರು ಬರೆದರು. ರಾಯರು ಒಂದು ಗುಂಡಿ ಒತ್ತಿದರು. ಟಿ.ವಿ.ಯಿಂದ ತಣ್ಣನೆಯ ಹೆಣ್ಣುದನಿಯೊಂದು, “ಟೋಕನ್ ಒಂದು, ದಯವಿಟ್ಟು ಒಳಗೆ ಬನ್ನಿ. ಡಾಕ್ಟರು ಕಾಯುತ್ತಿದ್ದಾರೆ,” ಎಂದಿತು. ಜಗಳ ತಟ್ಟನೆ ನಿಂತಿತು. ಹಿತ್ತಾಳೆ ನಲ್ಲಿಯ ಚೀಲ ಹೊತ್ತವನೊಬ್ಬ ಕಾಲರ್ ಸರಿಮಾಡಿಕೊಂಡು ವಿನಯದಿಂದ ಮುಂದೆ ಬಂದ. ಅವನ ಹಿಂದೆ ಮಿಕ್ಕವರು ತಾವಾಗಿಯೇ ಸಾಲಾದರು. ಕೊನೆಯ ಚೀಲ ತೂಕವಾಗುವವರೆಗೆ ಒಬ್ಬರೂ ದನಿ ಎತ್ತಲಿಲ್ಲ.

“ಇಷ್ಟು ವರ್ಷದಲ್ಲಿ ಇವರು ನನ್ನ ಮಾತು ಕೇಳಿಲ್ಲ,” ಎಂದು ಗುಜರಿಯವನು ರಾಯರ ಕೈ ಹಿಡಿದುಕೊಂಡ. “ನನಗೆ ಡಾಕ್ಟರು ಅಂತ ಯಾರೂ ಅಂದಿರಲಿಲ್ಲ ಸ್ವಾಮಿ.”

ಸೋಮವಾರ ಬಂತು. ‘ಸರದಿ’ ಹೊಸ ಮಷೀನಿನಲ್ಲಿ, ಚುಕ್ಕಿ ಕಳಚಿಕೊಂಡು, ಮತ್ತೆ ಪಟ್ಟಿಯ ಬಾಲದಲ್ಲಿ ಕೂತಿತ್ತು. ಮ್ಯಾನೇಜರು ಪರದೆ ತೆರೆದು, “ಆಂಬುಲೆನ್ಸ್ ಹೇಗಿದೆಯಮ್ಮ? ನನ್ನ ಸೊಂಟ ನೋಡು, ನಿನ್ನೆಯಿಂದ,” ಎಂದು ಆರಂಭಿಸಿದರು.

“ನಂದು ಇರಲಿ ಸರ್,” ಎಂದರು ಮೇಡಂ. “ಇವತ್ತು ಕೆಳಗಿನಿಂದ ನೋಡ್ಕೊಂಡು ಬರೋಣ.”

ಮ್ಯಾನೇಜರ ಸೊಂಟ ಅರ್ಧದಲ್ಲೇ ನಿಂತಿತು. ಎಲ್ಲರೂ ರಾಯರತ್ತ ತಿರುಗಿದರು. ಇಷ್ಟು ವರ್ಷ ಕಾದಿದ್ದ ಗಳಿಗೆ ತಾನಾಗಿ ಬಂದು ಎದುರು ನಿಂತಿತ್ತು. ರಾಯರು ಎದ್ದರು. ಬರೆದು ತಂದಿದ್ದ ಭಾಷಣವೆಲ್ಲ ಮರೆತುಹೋಯಿತು. ಮೇಡಂ ಮುಖ ನೋಡಿದರು, ಮೂಲೆಯಲ್ಲಿದ್ದ ಯಜಮಾನರ ಮುಖ ನೋಡಿದರು.

“ಸರ್, ಮೊದಲು ಮೇಡಂಗೆ ಕೃತಜ್ಞತೆ ಹೇಳ್ಬೇಕು. ನಾನು ಅವರ ಮನೆಗೆ ಪೊಲೀಸರನ್ನ ಕರ್ಕೊಂಡು ಹೋದ್ರೂ ಅವರು ಬೈಲಿಲ್ಲ,” ಎಂದು ಶುರುಮಾಡಿದವರು ಅಲ್ಲಿಂದ ನಿಲ್ಲಲೇ ಇಲ್ಲ. ಮೊಣಕಾಲೂರಿದ ಯಜಮಾನರನ್ನು ನೆನೆದರು. ದಫೇದಾರರ ಸೀಟಿಯನ್ನು ನೆನೆದರು. ಅತ್ತೆಯವರು ದಡ್ಡರೆಂದದ್ದನ್ನು ಹಾಗೇ ವರದಿಮಾಡಿ, ಅದಕ್ಕೆ ತಾವು ಚಿರಋಣಿ ಎಂದರು. ಗುಜರಿಯವನು, ಬಲ್ಬಿನ ಪ್ಲಗ್ಗು, ಹಿತ್ತಾಳೆ ನಲ್ಲಿಯವನು, ಕೊನೆಗೆ ಆ ಹಳೆಯ ಮಷೀನು, ಯಾರನ್ನೂ ಬಿಡಲಿಲ್ಲ. ಚುಕ್ಕಿಯ ಮೂರ್ಖತನವೂ ಅದರ ಜೊತೆಗೇ ಹೊರಬಂತು. ಅವರು ಕಣ್ಣೊರೆಸಿಕೊಂಡು ಕೂರುವಷ್ಟರಲ್ಲಿ ಮೀಟಿಂಗಿನ ಹೊತ್ತು ಮುಗಿದಿತ್ತು. ಪ್ರೋಗ್ರಾಮು ತೆರೆದು ತೋರಿಸಿಯೇ ಇರಲಿಲ್ಲ.

ಮ್ಯಾನೇಜರು ಗಡಿಯಾರ ನೋಡಿದರು. ಅವರ ಆಯುಷ್ಯದಲ್ಲಿ ಇನ್ನೊಬ್ಬರ ಮಾತು ಪೂರ್ತಿ ಕೇಳಿದ್ದು ಅದೇ ಮೊದಲು. “ಅಲ್ಲ ರಾಯರೇ, ಕಣ್ಣಾರೆ ಕಾಣಬೇಕು ಅಂದಿದ್ನಲ್ಲ? ನಿಮ್ಮ ಪ್ರೋಗ್ರಾಮು ನಡೆಯೋದನ್ನ ಕಂಡೋರು ಯಾರು?”

“ನಾನು ಕಂಡಿದೀನಿ ಸರ್,” ಎಂದರು ಮೇಡಂ.

“ನಾನೂ ಕಂಡೆ,” ಎಂದರು ಯಜಮಾನರು. “ಗುಜರಿ ಅಂಗಡೀಲಿ, ಒಡೆದ ಟಿ.ವಿ.ಯಲ್ಲಿ. ಅಲ್ಲಿ ನಡೆದಿದ್ದು ಆಸ್ಪತ್ರೇಲಿ ನಡೆಯದೆ ಇರುತ್ತಾ?”

ಮ್ಯಾನೇಜರು ಸ್ವಲ್ಪ ಹೊತ್ತು ಬೆರಳಿನಿಂದ ಮೇಜು ಬಡಿದರು. “ಸರಿ, ಇಷ್ಟು ಜನ ಓಡಿ ಬರೋಂಥ ಮನುಷ್ಯನ್ನ ನಾನು ಯಾಕೆ ಕಳಿಸಲಿ? ಖಾಯಂ. ಆದ್ರೆ ಒಂದು ಷರತ್ತು. ಇನ್ಮೇಲೆ ನೀವು ಏನು ಬೇಕಾದ್ರೂ ಮಾಡಿ, ಯಾವುದಕ್ಕೂ ಹೆಸರಿಡೋ ಕೆಲಸಕ್ಕೆ ಮಾತ್ರ ಹೋಗಬೇಡಿ.”

ರಾಯರು ಎರಡೂ ಕೈಯೆತ್ತಿ ಒಪ್ಪಿಕೊಂಡರು.

ಮನೆಯ ಬಾಗಿಲಲ್ಲಿ ದಫೇದಾರರೂ ಅತ್ತೆಯವರೂ ಆಗಲೇ ಕಾದಿದ್ದರು. ಸುದ್ದಿ ಕೇಳಿ ದಫೇದಾರರು ಬೀದಿಗೆಲ್ಲ ಕೇಳುವಂತೆ ಕೇಸು ಮುಗಿಯಿತೆಂದು ಸಾರಿದರು. ಅತ್ತೆಯವರು ಕಣ್ಣಿಗೆ ಸೆರಗು ಒತ್ತಿಕೊಂಡರು. ಹೆಂಡತಿ ಗೋಡೆ ಹಿಡಿದು ಮೆಲ್ಲಗೆ ಎದ್ದು ಬಂದು ನಿಂತಳು. ಅವಳನ್ನು ನೋಡಿ ರಾಯರ ಮನಸ್ಸು ತುಂಬಿ ಬಂತು. ಇಷ್ಟು ಜನರಿಗೆ ಕೃತಜ್ಞತೆ ಹೇಳಿ ಇವಳಿಗೇ ಹೇಳಲಿಲ್ಲವಲ್ಲ ಎಂದುಕೊಂಡರು.

“ಖಾಯಂ ಆಯ್ತು ಕಣೇ. ಒಂದೇ ಷರತ್ತು. ಇನ್ಮೇಲೆ ನಾನು ಯಾವುದಕ್ಕೂ ಹೆಸರಿಡೋ ಹಾಗಿಲ್ಲ.”

ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಎಷ್ಟೋ ತಿಂಗಳಿಂದ ಕಟ್ಟಿಕೊಂಡಿದ್ದ ಉಸಿರನ್ನು ಬಿಟ್ಟಳು.

“ನಿಮ್ಮ ಮ್ಯಾನೇಜರು ದೇವರಂಥೋರು ಕಣ್ರೀ,” ಎಂದಳು. “ಈ ಮಾತನ್ನ ನಿಮಗೆ ಹೇಗೆ ಹೇಳೋದು ಅಂತ ನಾನು ಎಷ್ಟು ದಿನದಿಂದ ಒದ್ದಾಡ್ತಿದ್ದೆ.”